ಫ್ಯಾಷನ್ ಬೆಳೀತಿದೆ, ನೇಯೋರ ಕಥೆ ಏನು?

ಕಳೆದ ದೀಪಾವಳಿಗೆ ಮುಂಚೆ ಆಫೀಸಿನಲ್ಲಿ ಎಥ್ನಿಕ್ ಡೇ ಇತ್ತು. ಆ್ಯಪ್‌ನಲ್ಲಿ ‘ಇಳಕಲ್ ಸೀರೆ’ ಅಂತ ಹುಡುಕಿ 1,299 ರೂಪಾಯಿಗೆ ಒಂದು ತರಿಸಿಕೊಂಡೆ. ಫೋಟೊ ಚೆನ್ನಾಗಿ ಬಂತು, ಲೈಕೂ ಬಿದ್ದವು. ಹಬ್ಬಕ್ಕೆ ಊರಿಗೆ ಹೋದಾಗಲೂ ಅದನ್ನೇ ಉಟ್ಟೆ. ದೊಡ್ಡವ್ವ ಸೆರಗು ಹಿಡಿದು, ತಿರುಗಿಸಿ ನೋಡಿ, “ಇದು ಇಳಕಲ್ ಸೀರಿ ಅಲ್ಲವಾ ತಂಗಿ, ಇಳಕಲ್ ಸೀರಿ ಫೋಟೊ” ಅಂದುಬಿಟ್ಟಳು.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಬಾಗಲಕೋಟೆ ಜಿಲ್ಲೆಯವಳಾಗಿ ನನಗೇ ಗೊತ್ತಾಗಲಿಲ್ಲವಲ್ಲ ಅಂತ ಮುಖ ಸಣ್ಣದಾಯಿತು. ಬಟ್ಟೆಯ ಹಿಂಬದಿಯಲ್ಲಿ ಬಣ್ಣ ಮಾಸಲು, ಬರೀ ಪ್ರಿಂಟ್.

ಮರುದಿನ ದೊಡ್ಡವ್ವನೇ ಇಳಕಲ್‌ನಲ್ಲಿ ಪರಿಚಯದ ನೇಕಾರರೊಬ್ಬರ ಮನೆಗೆ ಕರೆದೊಯ್ದಳು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಕಾಕಾ, ಸೀರೆಯ ಒಡಲಿನ ಹಾಸೆಳೆಯೇ ಬೇರೆ, ಸೆರಗಿನ ಹಾಸೆಳೆಯೇ ಬೇರೆ ಅಂತ ತೋರಿಸಿದರು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಬೇಕು. ಅದಕ್ಕೆ ಕೊಂಡಿ ಅಂತಾರೆ. ಕೆಂಪು ಸೆರಗಿನ ಮೇಲಿನ ಬಿಳಿ ಟೋಪ್‌ತೆನಿ ಬರೋದು ಆಮೇಲೆ. ಸೊಸೆ ಪಕ್ಕದಲ್ಲೇ ನೂಲು ಸುತ್ತುತ್ತಿದ್ದಳು. ಆ ಕೆಲಸಕ್ಕೆ ಬೇರೆ ಕೂಲಿ ಇಲ್ಲ, ಅದು ‘ಮನೆ ಕೆಲಸ’!

ಮಗ ಎಲ್ಲಿ ಅಂತ ಕೇಳಿದೆ. “ಬೆಂಗಳೂರಾಗ ಗಾರ್ಮೆಂಟ್ಸಿಗೆ ಹೋಗ್ಯಾನ್ರೀ. ಅಲ್ಲಿ ತಿಂಗಳಾ ಪಗಾರ ಬರ್ತೈತಿ, ಪಿಎಫ್ ಐತಿ. ಇಲ್ಲಿ ಸೀರಿ ಹೋದ್ರ ರೊಕ್ಕ” ಅಂದರು ಕಾಕಾ.

ನಾವು ಫ್ಯಾಷನ್ ಉದ್ಯಮ ಅನ್ನೋದರ ಎರಡು ತುದಿಗಳೂ ಆ ಒಂದೇ ಮನೆಯಲ್ಲಿದ್ದವು.

ಉದ್ಯಮ ಬೆಳೆದಿರೋದಂತೂ ನಿಜ. ದೆಹಲಿಯಲ್ಲಿ ನಿಫ್ಟ್ ಶುರುವಾಗಿದ್ದು 1986ರಲ್ಲಿ. ಮೊದಲ ಇಂಡಿಯಾ ಫ್ಯಾಷನ್ ವೀಕ್ ನಡೆದದ್ದು 2000ದಲ್ಲಿ. ಅದಾಗಿ ಇಪ್ಪತ್ತೇ ವರ್ಷಕ್ಕೆ, 2020ರ ಜನವರಿಯಲ್ಲಿ, ರಾಹುಲ್ ಮಿಶ್ರಾ ಪ್ಯಾರಿಸ್‌ನ ಹಾಟ್ ಕುಟೂರ್ ವೀಕ್‌ನಲ್ಲಿ ತಮ್ಮ ಉಡುಪು ತೋರಿಸಿದರು. ಮರುವರ್ಷವೇ ಆದಿತ್ಯ ಬಿರ್ಲಾ ಸಮೂಹ ಸಬ್ಯಸಾಚಿ ಬ್ರ್ಯಾಂಡಿನ ಶೇ 51ರಷ್ಟು ಪಾಲು ಕೊಂಡಿತು. ರಿಲಯನ್ಸ್ ಮನೀಷ್ ಮಲ್ಹೋತ್ರಾ ಬ್ರ್ಯಾಂಡಿನಲ್ಲಿ ಶೇ 40 ಪಾಲು ಪಡೆಯಿತು. ನಮ್ಮ ಬೆಂಗಳೂರಿನಲ್ಲೇ 2007ರಲ್ಲಿ ಹುಟ್ಟಿದ ಮಿಂತ್ರಾ ಈಗ ಎಲ್ಲರ ಫೋನಿನಲ್ಲಿದೆ. ಕಲಬುರಗಿಗೆ ಜವಳಿ ಪಾರ್ಕ್ ಮಂಜೂರಾಗಿದೆ. ಡಿಸೈನ್, ಮರ್ಚಂಡೈಸಿಂಗ್, ಡೇಟಾ ಅಂತ ನಮ್ಮಂಥವರಿಗೆ ಇಲ್ಲಿ ಕೆಲಸಕ್ಕೇನೂ ಬರವಿಲ್ಲ.

ಕೈಮಗ್ಗದ ಕಡೆ ನೋಡಿ. 2019-20ರ ಗಣತಿ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ. ಅವರಲ್ಲಿ ಶೇ 70ಕ್ಕಿಂತ ಹೆಚ್ಚು ಹೆಂಗಸರು. ವಿದೇಶಿ ಬ್ರ್ಯಾಂಡಿನ ಅಂಗಿ ಕಂಡಕಂಡಲ್ಲಿ ಹೊಲಿಸಬಹುದು, ಕೊಂಡಿ ಹಾಕೋದು ಎಲ್ಲರ ಕೈಲಾಗಲ್ಲ. ಭಾರತದ ಫ್ಯಾಷನ್ ಅಂತ ಜಗತ್ತಿಗೆ ತೋರಿಸೋಕೆ ನಮ್ಮ ಹತ್ತಿರ ಇರೋ ಬಂಡವಾಳ ಇಂಥ ಕೈಗಳೇ. ಆ ಮಗ್ಗದ ಮೇಲೆ ಮಗ ಕೂರದಿದ್ದರೆ ಮುಂದೇನು?

ಪವರ್‌ಲೂಮ್ ಸೀರೆ ಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಅದನ್ನೂ ನೇಯೋರಿದ್ದಾರೆ, ದಿನಬಳಕೆಗೆ ನನಗೂ ಅದೇ ಕೈಗೆಟುಕೋದು. ನನ್ನ ತಕರಾರು ಹೆಸರಿನದ್ದು. ಇಳಕಲ್ ಸೀರೆಗೆ ಜಿಐ ನೋಂದಣಿ ಇದೆ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆದರೂ ಪ್ರಿಂಟ್ ಬಟ್ಟೆ ಅದೇ ಹೆಸರಲ್ಲಿ ಸಲೀಸಾಗಿ ಮಾರಾಟವಾಗುತ್ತೆ. ಅದನ್ನು ಕೊಂಡ ದಡ್ಡಿಯೂ ನಾನೇ ಅನ್ನಿ. ‘ಹ್ಯಾಂಡ್‌ಲೂಮ್’ ಅನ್ನೋ ಫಿಲ್ಟರನ್ನು ಒಮ್ಮೆ ಒತ್ತಿದ್ದರೂ ಸಾಕಿತ್ತು. ಕಡಿಮೆ ಬೆಲೆಯದ್ದು ಮೊದಲು ತೋರಿಸು ಅಂತ ಒತ್ತಿದ್ದೆ.

ಕಾಕಾ ಹತ್ತಿರ ಒಂದು ಸೀರೆಗೆ ಅಡ್ವಾನ್ಸ್ ಕೊಟ್ಟು ಬಂದೆ. ಚಿಕ್ಕಿಪರಾಸ ದಡಿ, ದಾಳಿಂಬೆ ಬಣ್ಣದ ಸೆರಗು. ಮೊನ್ನೆ ಸೊಸೆ ವಾಟ್ಸ್ಆ್ಯಪ್‌ನಲ್ಲಿ ಕೊಂಡಿ ಹಾಕುವ ವಿಡಿಯೊ ಕಳಿಸಿದ್ದಳು. ಇನ್‌ಸ್ಟಾದಲ್ಲಿ ಹಾಕಲಾ ಅಂತ ಕೇಳಿದ್ದಕ್ಕೆ, “ಹಾಕ್ರಿ ಅಕ್ಕಾ, ನಮ್ಮ ನಂಬರೂ ಹಾಕ್ರಿ” ಅಂದಳು.

ಆ ಪ್ರಿಂಟ್ ಸೀರೆಯನ್ನು ಕೌದಿಗಾದರೂ ಹಾಕು ಅಂತ ದೊಡ್ಡವ್ವನಿಗೆ ಕೊಟ್ಟಿದ್ದೆ. “ಸೂಜಿ ನಿಲ್ಲೂದಿಲ್ಲ, ಜಾರತೈತಿ” ಅಂತ ವಾಪಸ್ ಕಳಿಸಿದ್ದಾಳೆ.