ಹಗೇವಿನ ಲೆಕ್ಕ, ಪಿಎಚ್‌ಡಿ ಲೆಕ್ಕ

ನವಲಗುಂದ ಕಡೆಯ ಒಬ್ಬ ಹುಡುಗಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಸಮಗ್ರ ಅರ್ಥಶಾಸ್ತ್ರದಲ್ಲೇ ಪಿಎಚ್‌ಡಿ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳ ಅಪ್ಪ ನನ್ನನ್ನು ಕೇಳಿದರು: “ಸರ್, ಅದನ್ನ ಓದಿದ್ರ ಮುಂದ ಉಳ್ಳಾಗಡ್ಡಿ ರೇಟ್ ಏನಾಕ್ಕೈತಿ ಅಂತ ಹೇಳಾಕ ಬರತೈತೇನ್ರಿ?” ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನನಗೆ ಎದುರಾಗಿದೆ. ಮಕ್ಕಳ ಐದಾರು ವರ್ಷದ ಬಾಳು ಇದರ ಮೇಲೆ ನಿಂತಿರುವುದರಿಂದ ಉತ್ತರವನ್ನು ಬಿಡಿಸಿ ಹೇಳಬೇಕು.

“ಮುಂದಿನ ರೇಟ್ ಹೇಳೂ ವಿದ್ಯಾ ಅದು”

ಅಲ್ಲ. ನಾಳಿನ ಉಳ್ಳಾಗಡ್ಡಿ ದರವನ್ನು ಹುಬ್ಬಳ್ಳಿ ಎಪಿಎಂಸಿಯ ದಲಾಲರು ಯಾವ ಪಿಎಚ್‌ಡಿಯವರಿಗಿಂತಲೂ ಚೆನ್ನಾಗಿ ಅಂದಾಜು ಮಾಡುತ್ತಾರೆ. ಸಂಶೋಧಕರ ಪ್ರಶ್ನೆ ಬೇರೆ. ಮಳೆಗೆ ಬೆಳೆ ಕೊಳೆತು ಉಳ್ಳಾಗಡ್ಡಿ ತುಟ್ಟಿಯಾದರೆ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿ ಏನು ಮಾಡೀತು? ಬಡ್ಡಿಯಿಂದ ಉಳ್ಳಾಗಡ್ಡಿ ಬೆಳೆಯುವುದಿಲ್ಲ. ಆದರೆ ಎಲ್ಲವೂ ತುಟ್ಟಿಯಾಗುತ್ತಲೇ ಹೋಗುತ್ತದೆ ಎಂದು ಜನ ನಂಬಿ ಕೂಲಿ, ಬಾಡಿಗೆ, ಸಾಗಾಟದ ದರ ಏರಿಸತೊಡಗಿದರೆ ಬಡ್ಡಿಗೆ ಕೆಲಸ ಸಿಗುತ್ತದೆ. ಹಣದುಬ್ಬರದ ಗುರಿ ಶೇ. 4, ಆಚೀಚೆ ಶೇ. 2ರಷ್ಟು ಅವಕಾಶ, ಬಡ್ಡಿ ತೀರ್ಮಾನಕ್ಕೆ ಆರು ಜನರ ಸಮಿತಿ: 2016ರಿಂದ ಇದು ನಮ್ಮ ದೇಶದ ವ್ಯವಸ್ಥೆ. ಆ ಸಮಿತಿ ಯಾವಾಗ ಸುಮ್ಮನಿರಬೇಕು, ಯಾವಾಗ ಕೈ ಹಾಕಬೇಕು ಎಂಬುದು ಸಂಶೋಧನೆಯ ವಿಷಯ.

“ಆರ್ಟ್ಸ್ ಸಬ್ಜೆಕ್ಟ್, ಬಾಯಿಪಾಠ ಮಾಡಿದ್ರ ಸಾಕು”

ಹೆಚ್ಚು ಮಕ್ಕಳನ್ನು ಕೆಡಿಸಿದ್ದು ಈ ನಂಬಿಕೆ. ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡು ಗಣಿತಕ್ಕೆ ಕೈಮುಗಿದ ಜಾಣ ಮಕ್ಕಳು ಎಂ.ಎ.ವರೆಗೆ ಒಳ್ಳೆಯ ಅಂಕ ತೆಗೆಯುತ್ತಾರೆ. ಪಿಎಚ್‌ಡಿಯ ಸಿದ್ಧಾಂತದ ತರಗತಿಯಲ್ಲಿ ಮೊದಲ ವಾರವೇ ಗೋಡೆಗೆ ಹಾಯುತ್ತಾರೆ. ಅಲ್ಲಿ ವ್ಯಾಖ್ಯೆ ಬರೆಯುವ ಮಾತೇ ಇಲ್ಲ. ಅಲ್ಲಿ ಓದಬೇಕಾದ, ಅರ್ಥಶಾಸ್ತ್ರಜ್ಞರಾದ ಸ್ಟೋಕಿ ಮತ್ತು ಲೂಕಾಸ್, ಪ್ರೆಸ್ಕಾಟ್ ಜೊತೆಗೂಡಿ 1989ರಲ್ಲಿ ತಂದ ಪುಸ್ತಕವನ್ನು ತೆರೆದು ನೋಡಿದವರು ಅದನ್ನು ಗಣಿತದ ಪುಸ್ತಕ ಎಂದೇ ತಿಳಿಯುತ್ತಾರೆ.

ಆದರೆ ಆ ಗಣಿತ ಹೇಳುವ ಸಂಗತಿ ನಮ್ಮ ಮನೆಯದು. ಹಿಂದೆ ನಮ್ಮ ಕಡೆ ನೆಲದಲ್ಲಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಡುತ್ತಿದ್ದ ಹಗೇವನ್ನು ನೆನೆಯಿರಿ. ಮನೆಯಲ್ಲಿ 20 ಚೀಲ ಜೋಳ ಇದೆ ಎನ್ನೋಣ. ಎಷ್ಟು ಉಣ್ಣಬೇಕು, ಎಷ್ಟು ಹಗೇವಿಗೆ ಇಳಿಸಬೇಕು? ಮುಂದಿನ ವರ್ಷ ಖಂಡಿತ 10 ಚೀಲ ಬರುವುದಾದರೆ ಲೆಕ್ಕ ಸುಲಭ. ಎರಡು ವರ್ಷಕ್ಕೆ ಒಟ್ಟು 30, ವರ್ಷಕ್ಕೆ 15. ಈಗ 15 ಉಂಡು 5 ಇಟ್ಟರಾಯಿತು. ಆದರೆ ನಮ್ಮದು ಒಣಬೇಸಾಯ. ಮಳೆಯಾದರೆ 20 ಚೀಲ, ಕೈಕೊಟ್ಟರೆ ಸೊನ್ನೆ, ಎರಡಕ್ಕೂ ಸಮ ಸಾಧ್ಯತೆ. ಸರಾಸರಿ ಈಗಲೂ 10. ಹಸಿದ ಮನೆಗೆ ಮೊದಲ ಚೀಲದ ಬೆಲೆ ಬಹಳ, ಇಪ್ಪತ್ತನೆಯದರದ್ದು ಕಡಿಮೆ. ಇದನ್ನು ಲಾಗರಿದಮ್‌ನಲ್ಲಿ ಹಿಡಿದು ಸಮೀಕರಣ ಬಿಡಿಸಿದರೆ ಹಗೇವಿಗೆ ಹೋಗಬೇಕಾದದ್ದು 5 ಚೀಲ ಅಲ್ಲ, ಹತ್ತಿರ ಹತ್ತಿರ 8. ಸರಾಸರಿ ಬದಲಾಗಿಲ್ಲ, ಮಳೆಯ ಭಯವೊಂದೇ ಇನ್ನೂ ಮೂರು ಚೀಲವನ್ನು ನೆಲದೊಳಗೆ ಇಳಿಸಿತು. ನಮ್ಮ ಅಜ್ಜಿಯರು ಇದನ್ನು ಲಾಗರಿದಮ್ ಇಲ್ಲದೆ ಮಾಡುತ್ತಿದ್ದರು.

ಎರಡು ವರ್ಷದ ಜಾಗದಲ್ಲಿ ಮುಗಿಯದ ವರ್ಷಗಳ ಸಾಲು ಇಟ್ಟರೆ ಕೈಲೆಕ್ಕ ಸೋಲುತ್ತದೆ. ಆಗ ಬೇಕಾಗುವುದು ರಿಚರ್ಡ್ ಬೆಲ್‌ಮನ್ 1950ರ ದಶಕದಲ್ಲಿ ಕೊಟ್ಟ ಸಮೀಕರಣ. ಇಂದಿನ ಹಗೇವಿನ ಮೌಲ್ಯವೆಂದರೆ ಈ ವರ್ಷದ ಊಟದ ತೃಪ್ತಿ, ಅದಕ್ಕೆ ಕೂಡಿಸಿದ ನಾಳಿನ ಹಗೇವಿನ ಮೌಲ್ಯ. ನಾಳಿನದು ನಾಳಿನದಾದ್ದರಿಂದ ತುಸು ತಗ್ಗಿಸಿ ಹಿಡಿಯಬೇಕು. ಕೋಟ್ಯಂತರ ಮನೆಗಳು ಹೀಗೆ ಭಯಕ್ಕೆ ಉಳಿಸಿಟ್ಟರೆ ಇಡೀ ದೇಶದ ಬಂಡವಾಳ ಎಷ್ಟಾದೀತು, ಬಡ್ಡಿದರ ಎಲ್ಲಿ ನಿಂತೀತು ಎಂದು 1994ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಭಾರತ ಮೂಲದ ಎಸ್. ರಾವ್ ಅಯ್ಯಗಾರಿ. ಸಮಗ್ರ ಅರ್ಥಶಾಸ್ತ್ರದ ಸಿದ್ಧಾಂತ ಓದುವವರು ಇವತ್ತಿಗೂ ಅವರ ಆ ಲೇಖನ ಓದದೆ ಮುಂದೆ ಹೋಗುವುದಿಲ್ಲ.

“ಅದೆಲ್ಲಾ ದಿಲ್ಲಿ-ಮುಂಬೈ ಮಾತು, ಹಳ್ಳಿಗೇನ್ ಸಂಬಂಧ?”

ಮನೆಯದು ಸೂಕ್ಷ್ಮ, ದೇಶದ್ದು ಸಮಗ್ರ ಎಂದು ಪಿಯುಸಿ ಪುಸ್ತಕ ಕಲಿಸಿದ ಗೆರೆ ಪಿಎಚ್‌ಡಿ ಹೊತ್ತಿಗೆ ಅಳಿಸಿಹೋಗುತ್ತದೆ. ಸರ್ಕಾರ ನೀತಿ ಬದಲಿಸಿದರೆ ಜನರೂ ತಮ್ಮ ಲೆಕ್ಕ ಬದಲಿಸುತ್ತಾರೆ, ಹಳೆಯ ಸರಾಸರಿ ನಂಬಿ ಯೋಜನೆ ಹಾಕಬೇಡಿ ಎಂದು ರಾಬರ್ಟ್ ಲೂಕಾಸ್ 1976ರಲ್ಲಿ ವಾದಿಸಿದ ಮೇಲೆ ಮನೆಯ ನಿರ್ಧಾರದಿಂದಲೇ ದೇಶದ ಮಾದರಿ ಕಟ್ಟುವುದು ರೂಢಿಯಾಯಿತು. ನವಲಗುಂದಕ್ಕೆ ಈ ಪಾಠವನ್ನು ಹೊರಗಿನವರು ಹೇಳಬೇಕಿಲ್ಲ. ಮಲಪ್ರಭಾ ಕಾಲುವೆಯ ನೀರಿನಿಂದ ಹೆಚ್ಚುವ ಆದಾಯವನ್ನು ಸರ್ಕಾರ ತನ್ನ ಲೆಕ್ಕದಲ್ಲಿ ಹಿಡಿದು ಅಭಿವೃದ್ಧಿ ಕರ ಹಾಕಿತು. ರೈತರ ಲೆಕ್ಕ ಬೇರೆ ಇತ್ತು. ಕರದ ವಿರುದ್ಧ ಹೋರಾಟಕ್ಕಿಳಿದ ರೈತರ ಮೇಲೆ 1980ರ ಜುಲೈ 21ರಂದು ಇಲ್ಲಿ ಪೊಲೀಸರ ಗುಂಡು ಹಾರಿತು. ಆ ಹೋರಾಟ ಬರೀ ಅರ್ಥಶಾಸ್ತ್ರದ ವಿಷಯ ಎಂದು ನಾನು ಹೇಳುವುದಿಲ್ಲ. ಆದರೆ ನಾಳಿನ ಆದಾಯವನ್ನು ಯಾರ ಅಂದಾಜಿನಲ್ಲಿ ಅಳೆಯಬೇಕು ಎಂಬ ಪ್ರಶ್ನೆ ಅದರೊಳಗೆ ಇತ್ತು.

ಇನ್ನೂ ಹತ್ತಿರದ ಸಾಕ್ಷಿ ಇದೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಅವುರೇಪಲ್ಲಿ, ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಅಕೋಲಾ ಜಿಲ್ಲೆಯ ಕಂಜಾರಾ ಎಂಬ ಒಣಬೇಸಾಯದ ಊರುಗಳಲ್ಲಿ ಮನೆಮನೆಯ ಲೆಕ್ಕ ಬರೆಸಿತು. ಅದನ್ನಿಟ್ಟುಕೊಂಡು ರಾಬರ್ಟ್ ಟೌನ್ಸೆಂಡ್ 1994ರಲ್ಲಿ ಕಂಡದ್ದು: ಒಂದು ಮನೆಯ ಆದಾಯ ಕುಸಿದಷ್ಟು ಆ ಮನೆಯ ಊಟ ಕುಸಿಯುವುದಿಲ್ಲ, ಬಹುಮಟ್ಟಿಗೆ ಊರಿನ ಜೊತೆಗೇ ಏರಿಳಿಯುತ್ತದೆ. ಆದರೂ ಆ ಆಸರೆ ಪೂರ್ಣವಲ್ಲ. ಬರ ಬಂದಾಗ ಎತ್ತು ಮಾರಿ ಉಣ್ಣುವ ರೈತನಿಗೆ ಉಳುಮೆಗೆ ಬೇಕಾದಷ್ಟು ಎತ್ತು ಉಳಿಯುವುದಿಲ್ಲ ಎಂದು ಅದೇ ಇಕ್ರಿಸ್ಯಾಟ್ ಮಾಹಿತಿಯಿಂದ ರೋಸೆನ್‌ಝ್ವೈಗ್ ಮತ್ತು ವೋಲ್ಪಿನ್ 1993ರಲ್ಲಿ ತೋರಿಸಿದರು. ಜಗತ್ತಿನ ದೊಡ್ಡ ಅರ್ಥಶಾಸ್ತ್ರ ವಿಭಾಗಗಳಲ್ಲಿ ನಮ್ಮಂಥ ಊರುಗಳೇ ಪಾಠವಾಗಿವೆ. ಪಾಠ ಹೇಳುವ ಜಾಗದಲ್ಲಿ ನಮ್ಮ ಮಕ್ಕಳೂ ನಿಲ್ಲಲಿ ಎಂಬುದು ನನ್ನ ಆಸೆ.

“ಪಿಎಚ್‌ಡಿ ಅಂದ್ರ ಒಂದು ತಾಲೂಕಿನ ಸರ್ವೆ”

ಅದೂ ಸಂಶೋಧನೆಯೇ, ಗೌರವದ ಕೆಲಸವೇ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದು ತೋರಿಸದಿದ್ದರೆ ಉತ್ತರ ಕರ್ನಾಟಕದ ವಾದಕ್ಕೆ ಬಲ ಎಲ್ಲಿತ್ತು? ಸಿದ್ಧಾಂತದ ಪಿಎಚ್‌ಡಿ ಮಾತ್ರ ಬೇರೆ ಜಾತಿಯದು. ಅಲ್ಲಿ ಮಾದರಿಯನ್ನು ತಾನೇ ಕಟ್ಟಬೇಕು, ಕಂಪ್ಯೂಟರಿನಲ್ಲಿ ಬಿಡಿಸಬೇಕು, ಅಂಕಿಅಂಶಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು.

ರೊಕ್ಕದ ಭಯವೂ ಇದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಗೆದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ರಿಸರ್ವ್ ಬ್ಯಾಂಕ್ 1987ರಲ್ಲಿ ಮುಂಬೈಯಲ್ಲಿ ಕಟ್ಟಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯೂ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವೇತನ ಕೊಡುತ್ತದೆ. ಕನ್ನಡ ಮೀಡಿಯಂ ಎಂಬ ಅಳುಕು ವರ್ಷದೊಳಗೆ ಹೋಗುತ್ತದೆ. ಗಣಿತ ಇಲ್ಲದ ಕೊರತೆ ಅಷ್ಟು ಬೇಗ ಹೋಗುವುದಿಲ್ಲ.

ಆ ಹುಡುಗಿ ಎಂ.ಎ. ಆದ ಮೇಲೆ ಪಿಯುಸಿಯ ಗಣಿತ ಪುಸ್ತಕ ತಂದುಕೊಂಡು ಕಲನಶಾಸ್ತ್ರ ಮೊದಲಿಂದ ಕಲಿತಳು. ಅದಕ್ಕೇ ಎರಡು ವರ್ಷ ಹಿಡಿಯಿತು. ನಿಮ್ಮ ಮಗನನ್ನೋ ಮಗಳನ್ನೋ ಬರುವ ಜೂನ್‌ನಲ್ಲಿ ಕಾಲೇಜಿಗೆ ಹಚ್ಚುವಾಗ, ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಸಿಗುತ್ತದೆಯೇ ಎಂದು ದಯವಿಟ್ಟು ಮೊದಲು ಕೇಳಿ.