ಎರಡು ಬಾಗಿಲಿನ ಮನೆ

ಠಾಣೆಯ ನಮ್ಮ ಕಟ್ಟಡದಲ್ಲಿ ಮೂರು ಲಿಫ್ಟ್‌ಗಳಿವೆ. ಎರಡು ಮುಂದಿನ ಲಾಬಿಯಲ್ಲಿ, ಫ್ಲ್ಯಾಟಿನವರಿಗೆ. ಮೂರನೆಯದು ಹಿಂಬದಿಯಲ್ಲಿ, ಸಾಮಾನಿಗೆ, ಕಸದ ಡಬ್ಬಿಗೆ ಮತ್ತು ಮನೆಗೆಲಸದವರಿಗೆ. ಹೋದ ವರ್ಷ ಸೊಸೈಟಿ ಸಭೆಯಲ್ಲಿ ಈ ನಿಯಮ ಬಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ಅನ್ನಿಸಿರಲಿಲ್ಲ. ಅನ್ನಿಸಿದ್ದು ಈ ಮಳೆಗಾಲದಲ್ಲಿ, ಲೋಕಲ್ ಟ್ರೇನಿನಲ್ಲಿ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಮತ್ತೆ ಓದುವಾಗ.

ಅದು ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆ. ಸಜ್ಜನ ವೈದ್ಯನೊಬ್ಬ ಔಷಧ ಕುಡಿದು ದುಷ್ಟನಾಗುತ್ತಾನೆ ಎಂಬುದು ಓದದವರಿಗೂ ಗೊತ್ತು. ಕಾಲೇಜಿನಲ್ಲಿ ಓದಿದಾಗ ನನ್ನ ತಲೆಯಲ್ಲಿ ಉಳಿದದ್ದೂ ಆ ಔಷಧವೇ. ಈ ಸಲ ಕಣ್ಣಿಗೆ ಬಿದ್ದದ್ದು ಮಾತ್ರ ಬಾಗಿಲು.

ಗಾಥಿಕ್ ಕಥೆ ಎಂದರೆ ಪಾಳು ಕೋಟೆ, ಮಂಜು, ಗುಡುಗು, ಕಿರುಗುಟ್ಟುವ ಕದ ನೆನಪಾಗುತ್ತವೆ. ಅವು ಬರೀ ಹೆದರಿಸಲು ಇಟ್ಟ ಸಾಮಾನುಗಳಲ್ಲ. ಈ ಪ್ರಕಾರದ ಮೊದಲ ಕಾದಂಬರಿ ಎನ್ನಿಸಿಕೊಂಡ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ವನ್ನು ಹೊರೇಸ್ ವಾಲ್‌ಪೋಲ್ 1764ರಲ್ಲಿ ಹೊರತಂದ. ಅಜ್ಜ ವಿಷವಿಕ್ಕಿ ಕಸಿದುಕೊಂಡ ಕೋಟೆಯನ್ನು ಮೊಮ್ಮಗ ಮ್ಯಾನ್‌ಫ್ರೆಡ್ ಆಳುತ್ತಿದ್ದಾನೆ. ಮದುವೆಯ ದಿನವೇ ಅವನ ಮಗನ ಮೇಲೆ ದೈತ್ಯ ಗಾತ್ರದ ಶಿರಸ್ತ್ರಾಣ ಬಿದ್ದು ಹುಡುಗ ಸಾಯುತ್ತಾನೆ. ಸೊಸೆಯಾಗಬೇಕಿದ್ದವಳನ್ನು ತಾನೇ ಮದುವೆಯಾಗಲು ಮ್ಯಾನ್‌ಫ್ರೆಡ್ ಹೊರಟಾಗ, ಅವಳು ನೆಲದಡಿಯ ಕತ್ತಲ ಸುರಂಗದಲ್ಲಿ ಓಡಿ ಚರ್ಚಿನ ಆಶ್ರಯ ಪಡೆಯುತ್ತಾಳೆ. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ದೇವರ ಮನೆ. ಧರ್ಮ ಎಲ್ಲಿದೆ, ಅಧರ್ಮ ಎಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಕೋಟೆಯ ಗೋಡೆಗಳು ಕುಸಿದು ಬೀಳುತ್ತವೆ. ಯಜಮಾನ ಬಚ್ಚಿಟ್ಟದ್ದನ್ನು ಮನೆಯೇ ಹೇಳಿಬಿಡುತ್ತದೆ.

ಮುಂದೆ ಈ ಲೆಕ್ಕ ಇಷ್ಟು ಸುಲಭವಾಗಿ ಉಳಿಯಲಿಲ್ಲ. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಕಾದಂಬರಿಯಲ್ಲಿ ಥಾರ್ನ್‌ಫೀಲ್ಡ್ ಎಂಬ ಅಂದದ ಬಂಗಲೆ ಇದೆ. ಅದರ ಮೂರನೆಯ ಅಂತಸ್ತಿನಿಂದ ವಿಚಿತ್ರವಾದ ನಗು ಕೇಳಿಸುತ್ತದೆ. ಅಲ್ಲಿ ಕೂಡಿಹಾಕಿರುವುದು ಯಜಮಾನ ರೋಚೆಸ್ಟರನ ಮೊದಲ ಹೆಂಡತಿ ಬರ್ತಾಳನ್ನು. ಅವಳನ್ನು ಮುಚ್ಚಿಟ್ಟೇ ಅವನು ಜೇನ್‌ಳನ್ನು ಮದುವೆಯಾಗಲು ಹೊರಟಿದ್ದ. ಓದುವವರಿಗೆ ಬರ್ತಾಳೇ ಭೂತದಂತೆ ಕಾಣುತ್ತಾಳೆ. ಅವಳ ಕಡೆಯ ಕಥೆಯನ್ನು ಜೀನ್ ರೀಸ್ ‘ವೈಡ್ ಸರ್ಗಾಸೊ ಸೀ’ ಎಂಬ ಕಾದಂಬರಿಯಾಗಿ ಬರೆದದ್ದು 1966ರಲ್ಲಿ. ಕತ್ತಲ ಕೋಣೆಯಲ್ಲಿ ಇದ್ದವರೇ ಕೆಟ್ಟವರು ಎಂದು ನಂಬುವುದು ಸುಲಭ. ಕೀಲಿಕೈ ಯಾರ ಸೊಂಟದಲ್ಲಿತ್ತು ಎಂದು ಕೇಳಲು ನೂರು ವರ್ಷದ ಮೇಲೆ ಹಿಡಿಯಿತು.

ಸ್ಟೀವನ್‌ಸನ್‌ನ ಕಥೆ ಶುರುವಾಗುವುದೇ ಒಂದು ಬಾಗಿಲಿನಿಂದ. ಬಣ್ಣ ಗುಳ್ಳೆಯೆದ್ದಿದೆ, ಗಂಟೆಯಿಲ್ಲ, ಬಡಿಯಲು ಬಳೆಯಿಲ್ಲ. ನಡುರಾತ್ರಿ ಮಗುವೊಂದನ್ನು ತುಳಿದು ಹೋದ ಹೈಡ್, ಜನ ಹಿಡಿದು ನಿಲ್ಲಿಸಿದಾಗ ಆ ಬಾಗಿಲಿನಿಂದ ಒಳಹೋಗಿ ಚೆಕ್ ತಂದುಕೊಡುತ್ತಾನೆ. ಚೆಕ್ಕಿನ ಮೇಲೆ ಊರಿಗೆ ದೊಡ್ಡ ಮನುಷ್ಯನೊಬ್ಬನ ಸಹಿ. ಇನ್ನೊಂದು ಬೀದಿಯಲ್ಲಿ ಡಾಕ್ಟರ್ ಜೆಕಿಲ್‌ನ ಮನೆ. ಬೆಚ್ಚಗೆ ಉರಿಯುವ ಬೆಂಕಿ, ಓಕ್ ಮರದ ಬೀರುಗಳು, ಬಾಗಿಲು ತೆರೆಯಲು ಮುದಿ ಬಟ್ಲರ್. ಆ ಕೊಳಕು ಬಾಗಿಲು ಈ ಮನೆಯದೇ ಹಿಂಬಾಗಿಲು ಎಂಬುದು ಓದುಗನಿಗೆ ತಿಳಿಯುವುದು ನಿಧಾನವಾಗಿ. ಸ್ಟೀವನ್‌ಸನ್ ಬೆಳೆದ ಎಡಿನ್‌ಬರೊದಲ್ಲಿ ಇಂಥವನೊಬ್ಬ ನಿಜಕ್ಕೂ ಇದ್ದ. ಡೀಕನ್ ಬ್ರೋಡಿ ಹಗಲಿನಲ್ಲಿ ಹೆಸರಾಂತ ಬಡಗಿ, ರಾತ್ರಿಯಲ್ಲಿ ಕನ್ನಗಳ್ಳ. 1788ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನು ಮಾಡಿದ ಬೀರುವೊಂದು ಸ್ಟೀವನ್‌ಸನ್‌ನ ಬಾಲ್ಯದ ಮನೆಯಲ್ಲಿತ್ತು.

ಹಿಂಬಾಗಿಲು ಕೊಳಕಾಗಿದ್ದದ್ದು ಹೈಡ್‌ನಿಂದ ಎಂದುಕೊಂಡಿದ್ದೆ. ಅದು ಜೆಕಿಲ್‌ಗೆ ಬೇಕಾಗಿತ್ತು. ಮುಂಬಾಗಿಲು ಸ್ವಚ್ಛವಾಗಿ ಕಾಣಬೇಕಾದರೆ ಹಿಂದೆ ಇನ್ನೊಂದು ಇರಲೇಬೇಕಿತ್ತು.

ನಮ್ಮ ಮನೆಗೆಲಸಕ್ಕೆ ಬರುವವರು ಯಾದಗಿರಿ ಕಡೆಯವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನನ್ನನ್ನೇ ‘ಅಕ್ಕಾ’ ಎನ್ನುತ್ತಾರೆ. ಆ ಪುಸ್ತಕ ಮುಗಿಸಿದ ವಾರದಲ್ಲೇ ಹಿಂದಿನ ಲಿಫ್ಟ್ ಕೆಟ್ಟಿತು. ಮಂಡಿನೋವಿನ ಹೆಂಗಸು ಒಂಬತ್ತು ಮಹಡಿ ಹತ್ತಿ ಬಂದು, ಬಾಗಿಲ ಬಳಿ ಗೋಡೆ ಹಿಡಿದು ನಿಂತರು. ಮುಂದಿನ ಲಿಫ್ಟಿಗೆ ಗಾರ್ಡ್ ಬಿಟ್ಟಿರಲಿಲ್ಲ.

‘ಫೋನ್ ಮಾಡಬಾರದಿತ್ತಾ?’ ಎಂದೆ.

‘ಇರ್ಲಿ ಬಿಡ್ರೀ ಅಕ್ಕಾ, ನಮಗ ರೂಢಿ ಆಗ್ಯಾದ,’ ಎಂದವರು ಪೊರಕೆ ತೆಗೆದುಕೊಂಡರು.

ಗಾರ್ಡ್‌ನನ್ನು ಬಯ್ಯಲು ಇಂಟರ್‌ಕಾಮ್ ಎತ್ತಿದವಳು ಹಾಗೇ ಇಟ್ಟುಬಿಟ್ಟೆ. ಅವನು ನಡೆಸಿದ್ದು ನಾನು ಕೈ ಎತ್ತಿ ಒಪ್ಪಿದ ನಿಯಮವನ್ನು.

ನಮ್ಮ ಲಾಬಿಯಲ್ಲಿ ಮಂಜಿಲ್ಲ, ಕತ್ತಲಿಲ್ಲ. ಹೊಳೆಯುವ ಅಮೃತಶಿಲೆ, ಮಲ್ಲಿಗೆ ಹಾರ ಹಾಕಿದ ಗಣಪತಿ, ದಿನವಿಡೀ ಉರಿಯುವ ದೀಪಗಳು. ಕೆಟ್ಟದ್ದು ಯಾವಾಗಲೂ ಕತ್ತಲಲ್ಲೇ ಇರುತ್ತದೆ ಎಂದು ಕಥೆಗಳಿಂದ ಕಲಿತುಕೊಂಡವರಿಗೆ ಇಲ್ಲಿ ಏನೂ ಕಾಣುವುದಿಲ್ಲ. ಹೊಸದಾಗಿ ಬಂದಾಗ ‘ಮದ್ರಾಸಿ’ ಎಂದು ಬಾಡಿಗೆ ಮನೆ ಕೊಡದವರ ಕಥೆಯನ್ನು ನಾವು ಕನ್ನಡಿಗರು ಸೇರಿದಾಗಲೆಲ್ಲ ಹೇಳಿಕೊಳ್ಳುತ್ತೇವೆ. ಆ ಕಥೆಯಲ್ಲಿ ನಾವು ಯಾವಾಗಲೂ ಹೊಸ್ತಿಲಾಚೆ ನಿಂತವರು. ಹೊಸ್ತಿಲ ಒಳಗೆ ಬಂದ ಮೇಲೆ ಏನು ಮಾಡಿದೆವು ಎಂಬ ಕಥೆ ಯಾರೂ ಹೇಳುವುದಿಲ್ಲ.

ಲಿಫ್ಟ್ ನಿಯಮವನ್ನು ಮುಂದಿನ ಸಭೆಯಲ್ಲಿ ಮತ್ತೆ ಚರ್ಚೆಗೆ ತರಬೇಕೆಂದು ಪತ್ರ ಕೊಟ್ಟಿದ್ದೇನೆ. ‘ನೋಡೋಣ’ ಎಂದಿದ್ದಾರೆ ಕಾರ್ಯದರ್ಶಿ. ನಾನೂ ಕೈ ಎತ್ತಿದ್ದೆ ಎಂಬುದನ್ನು ಅಲ್ಲಿ ಮೊದಲು ಹೇಳಬೇಕಾಗುತ್ತದೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ಏಳೂವರೆಗೆ ಕೆಳಗಿಳಿದು, ಅವರ ಜೊತೆ ಮುಂದಿನ ಲಿಫ್ಟಿನಲ್ಲೇ ಮೇಲೆ ಬರುತ್ತೇನೆ. ಮೊದಲ ದಿನ ಒಂಬತ್ತು ಮಹಡಿ ದಾಟುವವರೆಗೂ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಈಗ ಅವರ ಊರಿನ ಮಳೆಯ ಸುದ್ದಿ ಕೇಳುತ್ತೇನೆ.