ಆಮೆಗಳ ಜಾಡು ಹಿಡಿದ ವಿಜಯಾ

ದೀಘಾ ಪಶ್ಚಿಮ ಬಂಗಾಳದ ಒಂದು ಕಡಲೂರು. 1980ರ ದಶಕದ ಆರಂಭದಲ್ಲಿ ಚಳಿಗಾಲ ಬಂತೆಂದರೆ ಅಲ್ಲಿನ ಮೀನುಪೇಟೆಗೆ ದೋಣಿಗಟ್ಟಲೆ ಕಡಲಾಮೆಗಳು ಬಂದು ಬೀಳುತ್ತಿದ್ದವು. ಒಂದೊಂದೂ ನಲವತ್ತು ಕಿಲೋ ಆಸುಪಾಸು ತೂಗುವ ಆಲಿವ್ ರಿಡ್ಲೆ ಆಮೆಗಳು. ಅವನ್ನು ಅಂಗಾತ ಮಗುಚಿ ಹಾಕಿರುತ್ತಿದ್ದರು. ಕಡಲಾಮೆಯ ಶ್ವಾಸಕೋಶ ಇರುವುದು ಬೆನ್ನಚಿಪ್ಪಿನ ಕೆಳಗೇ. ಅಂಗಾತ ಮಲಗಿಸಿದರೆ ಹೊಟ್ಟೆಯೊಳಗಿನ ಭಾರವೆಲ್ಲ ಅದರ ಮೇಲೆ ಕೂತು ಉಸಿರಾಡುವುದೇ ಕಷ್ಟ. ಆದರೂ ಆಮೆ ಬೇಗ ಸಾಯುವುದಿಲ್ಲ, ಬಹಳ ಹೊತ್ತು ಜೀವ ಹಿಡಿದುಕೊಂಡಿರುತ್ತದೆ. ಮಾಂಸ ಕೆಡದಂತೆ ದೂರದ ಕೋಲ್ಕತ್ತದವರೆಗೂ ಸಾಗಿಸಲು ವ್ಯಾಪಾರಿಗಳಿಗೆ ಅದೇ ಅನುಕೂಲವಾಗಿತ್ತು.

ಆ ಪೇಟೆಯ ನಡುವೆ ಕ್ಯಾಮೆರಾ ಹಿಡಿದು ನಿಂತು, ಕಂಡದ್ದನ್ನೆಲ್ಲ ದಾಖಲಿಸಿಕೊಂಡವರು ಜೆ. ವಿಜಯಾ. ಹುಟ್ಟಿದ್ದು 1959ರಲ್ಲಿ, ಬೆಂಗಳೂರಿನಲ್ಲಿ. ಆಗಿನ್ನೂ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. ಭಾರತದ ಮೊದಲ ಮಹಿಳಾ ಉರಗವಿಜ್ಞಾನಿ ಎಂದು ಈಗ ಅವರನ್ನು ಗುರುತಿಸುತ್ತಾರೆ. ಕಡಲಾಮೆಗಳ ಬಗ್ಗೆ ಕೆಲಸ ಮಾಡುವವರಲ್ಲಿ ಅವರ ಹೆಸರು ಕೇಳದವರು ಕಡಿಮೆ. ಹುಟ್ಟಿದ ಊರಿನಲ್ಲಿ ಮಾತ್ರ ಆ ಹೆಸರು ಗೊತ್ತಿರುವವರು ಇನ್ನೂ ಕಡಿಮೆ. ಜಯನಗರ, ಬನಶಂಕರಿಯ ಶಾಲೆಗಳಲ್ಲಿ ಮಕ್ಕಳು ವಿಜ್ಞಾನಿಗಳ ವೇಷ ಹಾಕುವ ದಿನ ಯಾರಾದರೂ ವಿಜಯಾ ಆಗಿ ಬರಲಿ ಎಂಬ ಆಸೆ ನನಗಿದೆ. ಈ ಬರಹಕ್ಕೆ ಆ ಆಸೆಯೇ ಕಾರಣ.

ವಿಜಯಾ ಚೆನ್ನೈನ ಎತಿರಾಜ್ ಮಹಿಳಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದರು. 1978ರ ಹೊತ್ತಿಗೆ ಗಿಂಡಿಯ ಮದ್ರಾಸ್ ಸ್ನೇಕ್ ಪಾರ್ಕಿಗೆ ಹೋಗಿ ಸ್ವಯಂಸೇವಕಿಯಾಗಿ ಸೇರಿಕೊಂಡರು. ರಾಮುಲಸ್ ವಿಟೇಕರ್ ಕಟ್ಟಿದ ಆ ಉದ್ಯಾನ ಅಂದಿನ ದಿನಗಳಲ್ಲಿ ಹಾವು, ಮೊಸಳೆ, ಆಮೆಗಳ ಹುಚ್ಚು ಹಿಡಿದ ಯುವಕರ ಅಡ್ಡಾ. ಐಐಟಿಯಲ್ಲಿ ಎಂಜಿನಿಯರಿಂಗ್ ಓದಲು ಬಂದು, ಅದನ್ನು ಬಿಟ್ಟು ದೇಶದ ಕರಾವಳಿಯನ್ನೆಲ್ಲ ಕಾಲ್ನಡಿಗೆಯಲ್ಲಿ ಅಳೆದ ಸತೀಶ್ ಭಾಸ್ಕರ್ ಕೂಡ ಅದೇ ಬಳಗದವರು. 1970ರ ದಶಕದಲ್ಲಿ ಚೆನ್ನೈ ಕಡಲತೀರದಲ್ಲಿ ಇಡೀ ರಾತ್ರಿ ನಡೆದು, ಆಮೆ ಮೊಟ್ಟೆಯಿಟ್ಟ ಗೂಡನ್ನು ಹುಡುಕಿ, ಕಳ್ಳರ ಕೈಗೆ ಸಿಗುವ ಮುನ್ನ ಮೊಟ್ಟೆಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವ ಕೆಲಸ ಶುರು ಮಾಡಿದ್ದೂ ಈ ಬಳಗವೇ. ಈ ಗುಂಪಿನ ನಡುವೆ ವಿಜಯಾ ತಮಗೆ ಬೇಕಾದ ಪ್ರಾಣಿಯನ್ನು ಆರಿಸಿಕೊಂಡರು. ಅದು ಆಮೆ. ಹಾವಿನ ಹಾಗೆ ಜನ ಸೇರಿಸುವ ಪ್ರಾಣಿಯಲ್ಲ. ಮೊಸಳೆಯ ಹಾಗೆ ಪತ್ರಿಕೆಗಳ ಮುಖಪುಟಕ್ಕೂ ಬರುವುದಿಲ್ಲ.

ಒಡಿಶಾದ ಗಹಿರ್‌ಮಠಾ ತೀರದಲ್ಲಿ ಲಕ್ಷಗಟ್ಟಲೆ ರಿಡ್ಲೆಗಳು ಒಟ್ಟಿಗೆ ಬಂದು ಮೊಟ್ಟೆಯಿಡುತ್ತವೆ ಎಂಬುದು ವಿಜ್ಞಾನ ಲೋಕಕ್ಕೆ ತಿಳಿದದ್ದು 1974ರಲ್ಲಿ. 1977ರಲ್ಲಿ ಕಡಲಾಮೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ, ಎಂದರೆ ಹುಲಿಯ ಸಾಲಿಗೆ ಸೇರಿದವು. ಕಾಗದದ ಮೇಲೆ ಕೆಲಸ ಮುಗಿದಿತ್ತು. ಕಡಲಾಮೆಯ ಬಗ್ಗೆ ಅಧ್ಯಯನ ಎಂದರೆ ತೀರದಲ್ಲಿ ಗೂಡು ಎಣಿಸುವುದು, ಮೊಟ್ಟೆ ಎಣಿಸುವುದು ಎಂದೇ ಆಗ ನಡೆದಿತ್ತು. ಗೂಡಿಗೆ ಬಾರದೇ ಹೋದ ಆಮೆಗಳು ಏನಾದವು ಎಂದು ಕೇಳಿದರೆ ಉತ್ತರ ಮರಳಿನಲ್ಲಿ ಸಿಗುವಂಥದ್ದಲ್ಲ, ಅದಕ್ಕೆ ಪೇಟೆಗೇ ಹೋಗಬೇಕು. ವಿಜಯಾ ಹೋದರು. ರಕ್ತ ಹರಿಯುವ ಕಟ್ಟೆಗಳ ಪಕ್ಕದಲ್ಲಿ ನಿಂತು ನೋಡುವುದೂ ವಿಜ್ಞಾನವೇ ಎಂದು ಅವರು ತಿಳಿದಿದ್ದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ತಿಳಿವಳಿಕೆ, ಮತ್ತು ಅದರಂತೆ ನಡೆದುಕೊಂಡ ಎದೆಗಾರಿಕೆ.

ಅವರು ತೆಗೆದ ಚಿತ್ರಗಳು 1982ರಲ್ಲಿ ‘ಇಂಡಿಯಾ ಟುಡೇ’ಯಲ್ಲಿ ಅಚ್ಚಾದವು. ಅದೇ ವರ್ಷ ಅಂತರರಾಷ್ಟ್ರೀಯ ‘ಮರೈನ್ ಟರ್ಟಲ್ ನ್ಯೂಸ್‌ಲೆಟರ್’ನಲ್ಲಿ ಭಾರತದ ಆಮೆಗಳ ಕಗ್ಗೊಲೆಯ ಬಗ್ಗೆ ವಿಜಯಾ ಬರೆದ ವರದಿ ಬಂತು. ದೇಶದೊಳಗಿಂದಲೂ ಹೊರಗಿಂದಲೂ ಒತ್ತಾಯ ಬೆಳೆಯಿತು. ಪ್ರಧಾನಿ ಇಂದಿರಾ ಗಾಂಧಿ ಒಡಿಶಾ ಕರಾವಳಿಯಲ್ಲಿ ಆಮೆ ಬೇಟೆ ನಿಲ್ಲಿಸಲು ಕರಾವಳಿ ಕಾವಲು ಪಡೆಗೆ ಹೇಳಿದರು. ಮೊಟ್ಟೆಯಿಡುವ ಕಾಲದಲ್ಲಿ ಪಡೆಯ ಹಡಗುಗಳು ಅಲ್ಲಿ ಗಸ್ತು ಹಾಕುವ ಪದ್ಧತಿ ಇಂದಿಗೂ ನಡೆದುಬಂದಿದೆ. ರೈಲಿನಲ್ಲಿ, ಲಾರಿಯಲ್ಲಿ ಆಮೆಗಳನ್ನು ರಾಜಾರೋಷವಾಗಿ ಸಾಗಿಸುತ್ತಿದ್ದ ವ್ಯಾಪಾರ ಕ್ರಮೇಣ ಮುರಿದುಬಿತ್ತು. ಟ್ರಾಲರ್ ಬಲೆಗಳಲ್ಲಿ ಉಸಿರುಕಟ್ಟಿ ಸಾಯುವ ಆಮೆಗಳ ಸಮಸ್ಯೆ ಆಮೇಲೆ ಬಂತು, ಅದು ಇನ್ನೂ ಬಗೆಹರಿದಿಲ್ಲ. ಆದರೂ 2025ರ ಫೆಬ್ರವರಿಯಲ್ಲಿ ಒಡಿಶಾದ ಋಷಿಕುಲ್ಯಾ ನದೀಮುಖದಲ್ಲಿ ಹೆಚ್ಚುಕಡಿಮೆ 7 ಲಕ್ಷ ಆಮೆಗಳು ಮೊಟ್ಟೆಯಿಟ್ಟವು. ಇದರ ಶ್ರೇಯ ಒಬ್ಬರಿಗೇ ಸಲ್ಲುವುದಿಲ್ಲ, ಸಲ್ಲಬೇಕಾದವರ ಸಾಲಿನಲ್ಲಿ ಮಾತ್ರ ಆ ಹುಡುಗಿ ಮುಂದೆ ನಿಲ್ಲುತ್ತಾರೆ.

ಕಡಲಿನ ಕೆಲಸ ಮುಗಿಯುವ ಮೊದಲೇ ಇನ್ನೊಂದು ಆಮೆ ಅವರನ್ನು ಕಾಡಿಗೆ ಕರೆಯಿತು.

1911ರಲ್ಲಿ ಕೊಚ್ಚಿ ಸಂಸ್ಥಾನದ ಕಾಡಿನಲ್ಲಿ ಒಂದು ಪುಟ್ಟ ಆಮೆ ಸಿಕ್ಕಿತ್ತು. ಮರುವರ್ಷ ಜೆ. ಆರ್. ಹೆಂಡರ್ಸನ್ ಅದನ್ನು ವಿವರಿಸಿ ಹೆಸರಿಟ್ಟರು. ಸಿಕ್ಕಿದ್ದು ಎರಡೇ ಮಾದರಿ. ಆಮೇಲೆ ಸುಮಾರು ಎಪ್ಪತ್ತು ವರ್ಷ ಯಾವ ವಿಜ್ಞಾನಿಯ ಕಣ್ಣಿಗೂ ಅದು ಬೀಳಲಿಲ್ಲ. ಅಷ್ಟು ಕಾಲ ಕಾಣಿಸದಿದ್ದರೆ ನಾಶವಾಯಿತೇನೋ ಅಂದುಕೊಳ್ಳುವುದು ಸಹಜ. 1982ರಲ್ಲಿ ವಿಜಯಾ ಕೇರಳದ ಚಾಲಕುಡಿ ಸೀಮೆಯ ಕಾಡಿಗೆ ಹೋದರು. ಪುಸ್ತಕದಲ್ಲಿ ಇಲ್ಲದ್ದು ಅಲ್ಲಿನ ಕಾಡರ್ ಬುಡಕಟ್ಟಿನವರಿಗೆ ಗೊತ್ತಿತ್ತು. ತರಗೆಲೆಯ ಹಾಸಿನೊಳಗೆ ಹುದುಗಿ ಕೂರುವ ಆಮೆ ಎಲ್ಲಿದ್ದೀತು, ಯಾವಾಗ ಹೊರಬಂದೀತು ಎಂಬುದು ಅವರ ದಿನನಿತ್ಯದ ಅರಿವು. ಅವರ ನೆರವಿನಿಂದಲೇ ಈ ಪುಟ್ಟ ಆಮೆ, ಎಂದರೆ ಬೆತ್ತದ ಆಮೆ, ಮತ್ತೆ ವಿಜ್ಞಾನದ ಲೆಕ್ಕಕ್ಕೆ ಬಂತು. ಆ ಸುದ್ದಿಯನ್ನು ವಿಜಯಾ ‘ಹಮದ್ರಯಾಡ್’ ಪತ್ರಿಕೆಯಲ್ಲಿ ಬರೆದರು. ಅಮೆರಿಕದ ಎಡ್ವರ್ಡ್ ಮಾಲ್, ಬ್ರಿಟನ್ನಿನ ಬ್ರಯಾನ್ ಗ್ರೂಂಬ್ರಿಜ್ ಜೊತೆಗೂಡಿ 1983ರಲ್ಲಿ ‘ಓರಿಕ್ಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು.

ಬೆತ್ತದ ಆಮೆಯನ್ನು ಚಿತ್ರದಲ್ಲಿ ನೋಡಿದರೂ ಮನಸ್ಸಿನಿಂದ ಹೋಗುವುದಿಲ್ಲ. ಅಂಗೈ ಅಗಲದ್ದು, 13 ಸೆಂಟಿಮೀಟರ್ ದಾಟುವುದು ಅಪರೂಪ. ಕಂದು ಚಿಪ್ಪಿನ ಮೇಲೆ ಉದ್ದಕ್ಕೆ ಮೂರು ಏಣು, ಮುಖದ ಮೇಲೆ ಹಳದಿ, ಮೂಗಿನ ಹತ್ತಿರ ಕೆಂಪು. ಆಮೆಗೆ ನೀರಿನ ಪಕ್ಕದಲ್ಲೇ ಬದುಕು ಎಂದುಕೊಂಡವರಿಗೆ ಇದು ವಿಚಿತ್ರ, ಏಕೆಂದರೆ ನಿತ್ಯಹರಿದ್ವರ್ಣ ಕಾಡಿನ ನೆಲವೇ ಇದರ ಮನೆ. ಬಿದ್ದ ಹಣ್ಣು, ಎಲೆ, ಬಸವನಹುಳು ಇದರ ಆಹಾರ. ಹಗಲೆಲ್ಲ ಎಲೆಗಳ ಬಣ್ಣದಲ್ಲಿ ಬೆರೆತು ಕೂತರೆ ಪಕ್ಕದಲ್ಲಿ ಕಾಲಿಟ್ಟರೂ ಕಾಣದು.

ಒಮ್ಮೆ ಹುಡುಕಿ, ಹೆಸರು ಬರೆಸಿಕೊಂಡು ಊರಿಗೆ ಮರಳಬಹುದಿತ್ತು. ವಿಜಯಾ ಹಾಗೆ ಮಾಡಲಿಲ್ಲ. ಆ ಆಮೆ ಹೇಗೆ ಬದುಕುತ್ತದೆ ಎಂದು ತಿಳಿಯಲು ಅದೇ ಕಾಡಿನ ಒಂದು ಗುಹೆಯಲ್ಲಿ ಬಿಡಾರ ಹೂಡಿದರು. ಸುತ್ತ ಆನೆ, ಜಿಗಣೆ, ಬಿಡದ ಮಳೆ. ನೆರವಿಗೆ ಕಾಡರ್ ಜನ. ಹೆಣ್ಣುಮಗಳೊಬ್ಬಳು ಒಬ್ಬಳೇ ರಾತ್ರಿ ಬಸ್ಸು ಹತ್ತಿದರೂ ಮನೆಯಲ್ಲಿ ಪಂಚಾಯಿತಿ ಕೂರುತ್ತಿದ್ದ ಕಾಲ ಅದು. ಮಾಲ್ ಜೊತೆಗೆ ಅವರು ಸಿಹಿನೀರಿನ ಆಮೆಗಳನ್ನೂ ಹುಡುಕಿಕೊಂಡು ಹೋದರು. ಕಡಲಾಮೆಯ ಕಥೆಗೆ ಸಿಕ್ಕ ಗಮನ ಕೆರೆ, ನದಿಗಳ ಆಮೆಗೆ ಸಿಕ್ಕಿರಲಿಲ್ಲ, ಈಗಲೂ ಅಷ್ಟಾಗಿ ಸಿಕ್ಕಿಲ್ಲ.

1987ರಲ್ಲಿ ವಿಜಯಾ ಕಾಡಿನಲ್ಲೇ ತೀರಿಕೊಂಡರು. ವಯಸ್ಸು 28. ಕೆಲಸ ಮಾಡಲು ಸಿಕ್ಕಿದ್ದು ಹತ್ತು ವರ್ಷವೂ ಅಲ್ಲ. ಅಷ್ಟರಲ್ಲೇ ಒಂದು ಕಡಲಿನ ವ್ಯಾಪಾರವನ್ನು ಬಯಲಿಗೆಳೆದು, ಕಳೆದುಹೋಗಿದ್ದ ಒಂದು ಜೀವಜಾತಿಯನ್ನು ಹುಡುಕಿ ತಂದಿದ್ದರು. ಮುಂದಿನ ಇಪ್ಪತ್ತು, ಮೂವತ್ತು ವರ್ಷ ಅವರಿಗೆ ಸಿಕ್ಕಿದ್ದರೆ ನಮ್ಮ ಆಮೆಗಳ ಬಗ್ಗೆ ಎಷ್ಟೆಲ್ಲ ತಿಳಿದಿರುತ್ತಿತ್ತು ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2006ರಲ್ಲಿ ಪೀಟರ್ ಪ್ರಾಶಾಗ್ ಮತ್ತು ಸಂಗಡಿಗರು ವಂಶವಾಹಿ ಪರೀಕ್ಷೆ ನಡೆಸಿದಾಗ ಬೆತ್ತದ ಆಮೆ ಅದುವರೆಗೆ ಸೇರಿಸಿದ್ದ ಕುಲಕ್ಕೆ ಸೇರಿದ್ದಲ್ಲ ಎಂದು ಗೊತ್ತಾಯಿತು. ಹೊಸ ಕುಲಕ್ಕೆ ‘ವಿಜಯಾಕೆಲಿಸ್’ ಎಂದು ಹೆಸರಿಟ್ಟರು. ಆ ಕುಲದಲ್ಲಿ ಇರುವುದು ಇದೊಂದೇ ಆಮೆ. ವಿಜಯಾ ಬಿಟ್ಟುಹೋದ ಅಧ್ಯಯನವನ್ನು ವಿ. ದೀಪಕ್ ಮತ್ತು ಜೊತೆಗಾರರು ಅದೇ ಪಶ್ಚಿಮಘಟ್ಟದಲ್ಲಿ ಮುಂದುವರಿಸಿದರು. ಕರ್ನಾಟಕದ ಘಟ್ಟದ ಕಾಡುಗಳಲ್ಲೂ ಈ ಆಮೆ ಇದೆ.

ದಕ್ಷಿಣ ಬೆಂಗಳೂರಿನ ಮಕ್ಕಳು ಆಮೆಯನ್ನು ಮೊದಲು ನೋಡುವುದು ಬಹುತೇಕ ಅಕ್ವೇರಿಯಂ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಕಣ್ಣ ಹಿಂದೆ ಕೆಂಪು ಗೆರೆಯ ಆಮೆಮರಿ. ಅದು ಅಮೆರಿಕದ ಜಾತಿ. ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಸಾಕಿ ಸಾಕಾದವರು ಒಂದು ಸಂಜೆ ಹತ್ತಿರದ ಕೆರೆಗೆ ಬಿಟ್ಟುಬರುತ್ತಾರೆ. ಅಲ್ಲಿ ಅದು ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆಯ ಮೇವಿಗೂ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತದೆ. ದಯವಿಟ್ಟು ಮಡಿವಾಳ ಕೆರೆಗೋ ಪುಟ್ಟೇನಹಳ್ಳಿ ಕೆರೆಗೋ ಅದನ್ನು ಬಿಡಬೇಡಿ, ಅರಣ್ಯ ಇಲಾಖೆಯನ್ನು ಕೇಳಿ.

ಕಡಲಾಮೆಗಳ ಕೆಲಸದಲ್ಲಿ ಈಗ ಬೆಂಗಳೂರಿಗೆ ದೊಡ್ಡ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಈ ದೇಶದ ಕಡಲಾಮೆ ಸಂರಕ್ಷಣೆಯ ಚರಿತ್ರೆಯನ್ನು 2015ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಇಲ್ಲಿನ ದಕ್ಷಿಣ್ ಫೌಂಡೇಶನ್ ಒಡಿಶಾದ ತೀರದಲ್ಲಿ ಮೀನುಗಾರರ ಜೊತೆ ದುಡಿಯುತ್ತಿದೆ. ನಮ್ಮದೇ ಕರಾವಳಿಯಲ್ಲೂ, ಕಾರವಾರದಿಂದ ಹೊನ್ನಾವರ, ಕುಂದಾಪುರ, ಮಂಗಳೂರಿನವರೆಗೆ, ಚಳಿಗಾಲದಿಂದ ಬೇಸಿಗೆಯ ಮೊದಲ ತಿಂಗಳುಗಳವರೆಗೆ ರಿಡ್ಲೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಮೇಲೆ ಮೊಟ್ಟೆ. ಸುಮಾರು 50 ದಿನಕ್ಕೆ ಮರಿ ಹೊರಬರುತ್ತದೆ. ಮರಳು ಬಿಸಿಯಿದ್ದರೆ ಹೆಣ್ಣುಮರಿ ಹೆಚ್ಚು, ತಂಪಿದ್ದರೆ ಗಂಡು. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ವಾರಾಂತ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಆ ಕಡೆ ಹೋಗುವವರು ಅವರನ್ನು ಮೊದಲೇ ಕೇಳಿಕೊಂಡು ಹೋದರೆ ಒಳ್ಳೆಯದು. ರಾತ್ರಿ ತೀರದಲ್ಲಿ ಮೊಬೈಲ್ ಟಾರ್ಚ್ ಹಚ್ಚಬೇಡಿ. ಮರಿಗಳು ಕಡಲಿನ ಮೇಲಿನ ಮಂದ ಬೆಳಕನ್ನು ಗುರುತಿಟ್ಟುಕೊಂಡು ನೀರಿಗೆ ಇಳಿಯುತ್ತವೆ, ಹಿಂದೆ ದೀಪ ಕಂಡರೆ ದಾರಿ ತಪ್ಪಿ ರಸ್ತೆಯ ಕಡೆಗೆ ಬರುತ್ತವೆ.